ಬ್ಯಾಲರಟ್‌ನ ಹಳ್ಳದಲ್ಲಿ ಎಲ್ಲರಿಗೂ ಚಿನ್ನ ಸಿಗುತ್ತದೆ

ಮೆಲ್ಬರ್ನ್‌ನಲ್ಲಿರುವ ಕನ್ನಡಿಗರ ಮನೆಗಳಲ್ಲಿ ಶಾಲೆಗೆ ರಜೆ ಬಂತೆಂದರೆ ಒಂದು ಪ್ರಶ್ನೆ ತಪ್ಪಿದ್ದಲ್ಲ: "ಈ ಸಲ ಮಕ್ಕಳನ್ನ ಎಲ್ಲಿಗೆ ಕರ್ಕೊಂಡು ಹೋಗೋದು?" ಊರಿಂದ ಅಪ್ಪ-ಅಮ್ಮ ಬಂದಿದ್ದರಂತೂ ಕೇಳುವುದೇ ಬೇಡ. ಚಿತ್ರಾನ್ನ, ಮೊಸರನ್ನ ಡಬ್ಬಿಗೆ ತುಂಬಿಕೊಂಡು ಬೆಳಿಗ್ಗೆ ಕಾರು ಹತ್ತಿದರೆ ಸುಮಾರು 110 ಕಿಲೋಮೀಟರ್ ದೂರದಲ್ಲಿ ಬ್ಯಾಲರಟ್ ಸಿಗುತ್ತದೆ. ಒಂದು ದಿನಕ್ಕೆ ಹೇಳಿ ಮಾಡಿಸಿದ ಊರು. ಕಾಂಗರೂಗಳಿಗೆ ಕೈಯಾರೆ ಮೇವು ತಿನ್ನಿಸುವ ವೈಲ್ಡ್‌ಲೈಫ್ ಪಾರ್ಕ್ ಇದೆ. 1956ರ ಒಲಿಂಪಿಕ್ಸ್‌ನಲ್ಲಿ ದೋಣಿ ಸ್ಪರ್ಧೆಗಳು ನಡೆದ ವೆಂಡೂರಿ ಕೆರೆ ಇದೆ. ಕೆರೆಯ ಪಕ್ಕದಲ್ಲೇ ಸಸ್ಯೋದ್ಯಾನ, ಅದರೊಳಗೆ ಆಸ್ಟ್ರೇಲಿಯಾದ ಪ್ರಧಾನಿಗಳ ಕಂಚಿನ ತಲೆಗಳ ಸಾಲು. ಇವೆಲ್ಲಕ್ಕಿಂತ ಹೆಚ್ಚಾಗಿ ಸಾವರಿನ್ ಹಿಲ್ ಇದೆ.

ನೋಡದವರಿಗಾಗಿ ಎರಡು ಮಾತು. 1850ರ ದಶಕದ ಚಿನ್ನದ ಗಣಿಯೂರನ್ನು ಮತ್ತೆ ಕಟ್ಟಿ 1970ರಲ್ಲಿ ಜನರಿಗೆ ತೆರೆದ ಬಯಲು ವಸ್ತುಸಂಗ್ರಹಾಲಯ ಇದು. ಕುದುರೆಗಾಡಿ, ಕಮ್ಮಾರಸಾಲೆ, ಮೇಣದಬತ್ತಿ ಅಂಗಡಿ, ಸಕ್ಕರೆ ಕುದಿಸಿ ಮಿಠಾಯಿ ಮಾಡುವ ಅಂಗಡಿ ಎಲ್ಲವೂ ಇಲ್ಲಿವೆ. ಕೆಂಪು ಕೋಟಿನ ಸೈನಿಕರು ಬೀದಿಯಲ್ಲಿ ಕವಾಯತು ಮಾಡಿ ಬಂದೂಕು ಹಾರಿಸುತ್ತಾರೆ. ಚಿನ್ನ ಕರಗಿಸಿ ಅಚ್ಚಿಗೆ ಹುಯ್ಯುವುದನ್ನು ತೋರಿಸುತ್ತಾರೆ. ಆ ಚಿನ್ನವನ್ನೇ ಮತ್ತೆ ಕರಗಿಸಿ ಮುಂದಿನ ಗುಂಪಿಗೆ ತೋರಿಸುತ್ತಾರೆ. ಆದರೆ ಮಕ್ಕಳಿಗೆ ಹಳ್ಳದ ಹತ್ತಿರವೇ ಹೆಚ್ಚು ಖುಷಿ. ತಟ್ಟೆಯಲ್ಲಿ ಮರಳು ತುಂಬಿ, ನಮ್ಮ ಅಜ್ಜಿಯಂದಿರು ಅಕ್ಕಿ ಗಾಳಿಸುತ್ತಿದ್ದ ಹಾಗೆ ತಿರುಗಿಸಿ ತಿರುಗಿಸಿ ನೀರು ಚೆಲ್ಲಿದರೆ ತಳದಲ್ಲಿ ಒಂದೆರಡು ನಿಜವಾದ ಚಿನ್ನದ ಕಣ ಮಿನುಗುತ್ತವೆ. ಅಲ್ಲಿಯ ಸಿಬ್ಬಂದಿಯೇ ಮರಳಿಗೆ ಬೆರೆಸಿಟ್ಟ ಕಣಗಳು ಅವು. ತಾಳ್ಮೆಯಿದ್ದವರು ಬರಿಗೈಯಲ್ಲಿ ಹೋಗುವುದು ಕಡಿಮೆ.

ಈ ಸಂಚಿಕೆಯ ಪ್ರಶ್ನೆ ಆ ಹಳ್ಳದ್ದೇ. ಒಂದು ಕಾಲದ ಜನರ ಪಾಡು ಇನ್ನೊಂದು ಕಾಲದ ಮಕ್ಕಳಿಗೆ ಆಟವಾಗಬಹುದೇ? ಆದರೆ ತಪ್ಪೇ?

ಪಾಡು ಎಂದರೆ ಎಂಥದ್ದು, ನೋಡಿ. 1851ರಲ್ಲಿ ಇಲ್ಲಿ ಚಿನ್ನ ಸಿಕ್ಕ ಸುದ್ದಿ ಹಬ್ಬಿತು. ಜಗತ್ತಿನ ಮೂಲೆಮೂಲೆಯಿಂದ ಜನ ಬಂದರು. ಚಿನ್ನ ಸಿಗಲಿ ಬಿಡಲಿ, ಅಗೆಯುವವರು ಸರ್ಕಾರಕ್ಕೆ ಲೈಸೆನ್ಸ್ ಹಣ ಕಟ್ಟಬೇಕಿತ್ತು. ಶುರುವಿನಲ್ಲಿ ತಿಂಗಳಿಗೆ 30 ಶಿಲ್ಲಿಂಗ್. ಕಾಗದ ಜೇಬಿನಲ್ಲಿಲ್ಲದವರನ್ನು ಪೊಲೀಸರು ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತಿದ್ದರು. ಸಿಟ್ಟು ಹೊತ್ತಿ, 1854ರ ಡಿಸೆಂಬರ್ 3ರ ನಸುಕಿನಲ್ಲಿ ಯುರೀಕಾ ಎಂಬಲ್ಲಿ ಸೈನಿಕರು ಗಣಿಗಾರರ ಮೇಲೆ ಬಿದ್ದರು. 20ಕ್ಕೂ ಹೆಚ್ಚು ಗಣಿಗಾರರು, ಕೆಲವು ಸೈನಿಕರು ಸತ್ತರು. ಬಂಡಾಯದ ಆರೋಪ ಹೊತ್ತ 13 ಜನರನ್ನು ಮರುವರ್ಷ ನ್ಯಾಯಾಲಯ ಬಿಟ್ಟುಬಿಟ್ಟಿತು. ಆಸ್ಟ್ರೇಲಿಯಾದ ಪ್ರಜಾಪ್ರಭುತ್ವದ ಕಥೆಯನ್ನು ಇಲ್ಲಿಂದಲೇ ಶುರುಮಾಡುವವರು ಬಹಳ ಜನ.

ಕಥೆ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಗಣಿಗಾರರ ಲೈಸೆನ್ಸ್ ರದ್ದಾದ ಅದೇ 1855ರಲ್ಲಿ, ಹಡಗಿನಿಂದ ಇಳಿಯುವ ಪ್ರತಿ ಚೀನೀ ವಲಸಿಗನ ಮೇಲೆ ವಿಕ್ಟೋರಿಯಾ 10 ಪೌಂಡ್ ತೆರಿಗೆ ಹಾಕಿತು. ಅದನ್ನು ತಪ್ಪಿಸಿಕೊಳ್ಳಲು ಸಾವಿರಾರು ಚೀನೀಯರು ಪಕ್ಕದ ದಕ್ಷಿಣ ಆಸ್ಟ್ರೇಲಿಯಾದ ರೋಬ್ ಬಂದರಿನಲ್ಲಿ ಇಳಿದು, ಅಲ್ಲಿಂದ ನೂರಾರು ಕಿಲೋಮೀಟರ್ ನಡೆದು ಗಣಿಗಳಿಗೆ ಬಂದರು. ತಮಗೆ ಅನ್ಯಾಯವಾಗಿದೆ ಎಂದು ಎದ್ದು ನಿಂತ ಗಣಿಗಾರರಲ್ಲೇ ಎಷ್ಟೋ ಮಂದಿ ಇವರನ್ನು ಓಡಿಸಬೇಕು ಎಂದರು.

ಇನ್ನು ಈ ನೆಲದ ಮೂಲದವರಾದ ವಾದಾವರುಂಗ್ ಜನ. ಬ್ಯಾಲರಟ್ ಎಂಬ ಹೆಸರು ಅವರದ್ದೇ ಮಾತು. ಮೊಣಕೈ ಊರಿ ಒರಗುವ ಜಾಗ, ವಿಶ್ರಾಂತಿಯ ಜಾಗ ಎಂಬ ಅರ್ಥ ಹೇಳುತ್ತಾರೆ. ವೆಂಡೂರಿ ಕೆರೆಯ ಹೆಸರಿಗೂ ಒಂದು ಕಥೆ ಇದೆ. ಮೊದಲು ಬಂದ ಬಿಳಿಯನೊಬ್ಬ ಅಲ್ಲಿದ್ದ ಹೆಂಗಸನ್ನು ಈ ಜಾಗದ ಹೆಸರೇನು ಎಂದು ಕೇಳಿದನಂತೆ, ಅವಳು "ಹೊರಟುಹೋಗು" ಎಂದಳಂತೆ, ಅವನು ಅದನ್ನೇ ಹೆಸರೆಂದು ಬರೆದುಕೊಂಡನಂತೆ. ಕಥೆ ಎಷ್ಟು ನಿಜವೋ, ಬಿಡಿ. ಅದನ್ನು ಇವತ್ತಿಗೂ ಹೇಳುತ್ತಾರೆ ಎಂಬುದೇ ಏನನ್ನೋ ಹೇಳುತ್ತದೆ.

ಹಾಗಾದರೆ ಅಲ್ಲಿಗೆ ಹೋಗಿ ಮಿಠಾಯಿ ತಿನ್ನುವುದು ತಪ್ಪೇ? ತಪ್ಪು ಎನ್ನುವವರಿದ್ದಾರೆ. ಸತ್ತವರ ಮೇಲೆ ಟಿಕೆಟ್ ಇಟ್ಟು ತಮಾಷೆ ಮಾಡಿದ ಹಾಗೆ ಎನ್ನುತ್ತಾರೆ. ಈ ವಾದವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಮ್ಮ ಹಳ್ಳಿಗಳ ಮೊಹರಂ ನೆನಪಿಸಿಕೊಳ್ಳಿ. ಅದರ ಮೂಲ ಕರ್ಬಲಾದ ಸಾವು. ಆದರೂ ಉತ್ತರ ಕರ್ನಾಟಕದಲ್ಲಿ ಹಿಂದೂ-ಮುಸ್ಲಿಂ ಎನ್ನದೆ ಎಲ್ಲರೂ ಸೇರಿ ಅಲಾಯಿ ಕುಣಿಯುತ್ತಾರೆ, ಹುಲಿವೇಷ ಹಾಕುತ್ತಾರೆ, ಮಕ್ಕಳು ಮಿಠಾಯಿ ತಿನ್ನುತ್ತಾರೆ. ಶೋಕ ಮತ್ತು ಸಂಭ್ರಮ ಒಂದೇ ಅಂಗಳದಲ್ಲಿ ಇರಬಲ್ಲವು ಎಂಬುದು ನಮಗೆ ಹೊಸದಲ್ಲ. ಆದರೆ ಅಲ್ಲಿ ಕುಣಿಯುವವರಿಗೆ ಯಾರಿಗಾಗಿ ಕುಣಿಯುತ್ತಿದ್ದೇವೆ ಅನ್ನೋದು ಗೊತ್ತಿರುತ್ತದೆ. ಹಾಡಿನಲ್ಲೇ ಸತ್ತವರ ಹೆಸರು ಬರುತ್ತದೆ.

ನನಗೆ ಹೊಳೆಯುವ ವ್ಯತ್ಯಾಸ ಇದು. ಆಟ ತಪ್ಪಲ್ಲ, ಸುಳ್ಳು ಲೆಕ್ಕ ತಪ್ಪು. ಆ ಹಳ್ಳದಲ್ಲಿ ಪ್ರತಿ ಮಗುವಿಗೂ ಚಿನ್ನ ಸಿಗುತ್ತದೆ. 1850ರ ದಶಕದಲ್ಲಿ ಬಂದ ಬಹುಪಾಲು ಜನರಿಗೆ ಸಿರಿತನ ಸಿಗಲಿಲ್ಲ. ಆಟ ಗೆದ್ದವರನ್ನಷ್ಟೇ ತೋರಿಸಿದಾಗ, ಸಿಗದವರು ಪ್ರಯತ್ನ ಮಾಡದವರು ಎಂಬ ಪಾಠ ಮಗುವಿನ ಮನಸ್ಸಿನೊಳಗೆ ಸದ್ದಿಲ್ಲದೆ ಇಳಿಯುತ್ತದೆ. ವಲಸೆ ಬಂದ ನಮ್ಮಂಥವರ ಮನೆಗಳಲ್ಲಿ ಈ ಪಾಠ ಬೇಗ ಬೇರು ಬಿಡುತ್ತದೆ ಅನ್ನೋದು ನನ್ನ ಆತಂಕ. "ನಾವು ಕಷ್ಟಪಟ್ವಿ, ಸಿಕ್ತು" ಎಂದು ನಾವು ದಿನಾ ಹೇಳುತ್ತೇವಲ್ಲ.

"ಇದು ನಮ್ಮ ಚರಿತ್ರೆಯೇ ಅಲ್ವಲ್ಲ, ನಮಗ್ಯಾಕೆ ಈ ಹೊರೆ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಚಿನ್ನದ ಊರಿನ ಕಥೆ ಕನ್ನಡಿಗರಿಗೆ ಪರಕೀಯವೇ? ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನದ ಕಣ ತೆಗೆಯುತ್ತಿದ್ದ ಜಲಗಾರರು ನಮ್ಮವರೇ. ಕೋಲಾರದ ಗಣಿಗಳು ಸುಮಾರು 120 ವರ್ಷ ನಡೆದು 2001ರಲ್ಲಿ ಮುಚ್ಚಿದವು. ಚಾಂಪಿಯನ್ ರೀಫ್‌ನಲ್ಲಿ ಜನ 3 ಕಿಲೋಮೀಟರಿಗೂ ಆಳಕ್ಕೆ ಇಳಿದು ದುಡಿದರು. ಅವರಲ್ಲಿ ಬಹಳ ಮಂದಿ ತಮಿಳು ಸೀಮೆಯಿಂದ ಬಂದ ದಲಿತರು. 1930ರಲ್ಲಿ ಬೆರಳಚ್ಚು ಕೊಡಬೇಕೆಂಬ ನಿಯಮದ ವಿರುದ್ಧ ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿದರು. ಇಲ್ಲಿ ಲೈಸೆನ್ಸಿನ ಕಾಗದ, ಅಲ್ಲಿ ಬೆರಳಚ್ಚು. ಎರಡೂ ಕಡೆ ಜನ ಕೇಳಿದ್ದು ಒಂದೇ, ನಮ್ಮನ್ನು ಕಳ್ಳರ ಹಾಗೆ ನೋಡಬೇಡಿ ಎಂದು. ನಾಳೆ ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳ ಪಕ್ಕದಲ್ಲಿ ಇಂಥದ್ದೇ ಒಂದು ಪಾರ್ಕ್ ಎದ್ದು, ಅಲ್ಲಿ ಬರೀ ಚಿನ್ನ ಇದ್ದು ಆ ಜನರ ಸುಳಿವೇ ಇಲ್ಲದಿದ್ದರೆ ನಮಗೆ ಹೇಗನಿಸುತ್ತದೆ? ಹಾಗನಿಸುವುದಾದರೆ, ಇಲ್ಲಿಯೂ ಅದೇ ಅಳತೆ ಹಿಡಿಯಬೇಕು.

ಇನ್ನೊಂದು ಮಾತು. ಈ ಕಥೆಯಲ್ಲಿ ನಮ್ಮ ಜಾಗ ಯಾರ ಪಕ್ಕದಲ್ಲಿ? ಮಕ್ಕಳು ಕೆಂಪು ಕೋಟಿನವರ ಹಿಂದೆ ಓಡುತ್ತಾರೆ, ಓಡಲಿ. ಆದರೆ ಆಗ ನಾವು ಬಂದಿದ್ದರೆ, ಬಹುಶಃ ರೋಬ್‌ನಿಂದ ನಡೆದು ಬಂದವರ ಸಾಲಿನಲ್ಲಿ ಇರುತ್ತಿದ್ದೆವು. ಇವತ್ತು ಬಂದಿದ್ದೇವೆ, ಆದ್ದರಿಂದ ವಾದಾವರುಂಗ್ ಜನರ ನೆಲದ ಮೇಲೆ ಕಟ್ಟಿದ ಸೌಕರ್ಯದಲ್ಲಿ ನಮಗೂ ಪಾಲಿದೆ. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದು ಸರಿಯಲ್ಲ.

ಹಾಗಂತ ಪ್ರವಾಸವನ್ನು ಪಾಠಶಾಲೆ ಮಾಡಬೇಡಿ. ಏಳು ವರ್ಷದ ಮಗುವಿಗೆ ದಿನವಿಡೀ ದುಃಖ ಹೇಳಿದರೆ ಅದು ದುಃಖ ಕಲಿಯುವುದಿಲ್ಲ, ನಿಮ್ಮ ಜೊತೆ ಬರೋದನ್ನೇ ಬಿಡುತ್ತದೆ. ಹಳ್ಳದಲ್ಲಿ ಕೈ ನೆನೆಯಲಿ, ಮಿಠಾಯಿ ಅಂಟಲಿ. ಅಲ್ಲೇ ಇರುವ ಚೀನೀ ಶಿಬಿರವನ್ನು ದಾಟಿ ಹೋಗದೆ ಹತ್ತು ನಿಮಿಷ ಒಳಗೆ ಹೋಗಿ ಬನ್ನಿ. ಸಮಯ ಇದ್ದರೆ ಯುರೀಕಾ ಕೇಂದ್ರದಲ್ಲಿಟ್ಟಿರುವ, ಹರಿದುಹೋದ ಆ ನೀಲಿ ಬಾವುಟ ನೋಡಿ. ಕೆರೆಯ ದಡದಲ್ಲಿ ಬುತ್ತಿ ಬಿಚ್ಚಿದಾಗ ಆ ಹೆಸರಿನ ಕಥೆ ಹೇಳಿ, ಮಕ್ಕಳು ಮೊದಲು ನಗುತ್ತಾರೆ, ಆಮೇಲೆ "ಅವಳು ಯಾಕೆ ಹೋಗು ಅಂದ್ಲು?" ಎಂದು ಕೇಳುತ್ತಾರೆ.

ಆ ಪ್ರಶ್ನೆಗೆ ಅವಸರದಲ್ಲಿ ಉತ್ತರ ಕೊಡಬೇಡಿ. ವಾಪಸು ಬರುವ ದಾರಿ ಒಂದೂವರೆ ಗಂಟೆ ಇದೆ, ಮಾತಿಗೆ ಬೇಕಾದಷ್ಟು ಹೊತ್ತು.