ತನ್ನದಲ್ಲದ್ದರ ಲೆಕ್ಕ

ಕೋಲಾರದ ಕೋಲಾರಮ್ಮನ ಗುಡಿಯಲ್ಲಿ ಚೋಳರ ಕಾಲದ ತಮಿಳು ಶಾಸನಗಳಿವೆ. ಬಿ. ಎಲ್. ರೈಸ್ ಅವನ್ನು 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ ಪ್ರಕಟಿಸಿದರು. ರಾಜನ ಬಿರುದುಗಳು ಮುಗಿದ ಮೇಲೆ ಅಲ್ಲಿ ಬರುವುದು ಲೆಕ್ಕ: ದೇವಿಗೆ ಬಿಟ್ಟ ದತ್ತಿ, ಸೇವೆಗೆ ಅಳೆದಿಟ್ಟ ಭತ್ತ, ಸೇವೆ ನಡೆಸುವವರ ಪಾಲು. ಅದೇ ಆವರಣದಲ್ಲಿ ಚೇಳಮ್ಮನೂ ಇದ್ದಾಳೆ. ಅಲ್ಲಿ ನೆಲದಲ್ಲೇ ಕೊರೆದ ಹುಂಡಿಗೆ ಜನ ಕಾಣಿಕೆ ಹಾಕುತ್ತ ಬಂದಿದ್ದಾರೆ. ಅದನ್ನು ಯಾರೂ ತೆಗೆದು ಎಣಿಸಿಲ್ಲವೆಂಬುದು ಪ್ರತೀತಿ. ಒಂದು ಕಡೆ ಕಲ್ಲಿನಲ್ಲಿ ಕೊರೆದ ಲೆಕ್ಕ, ಇನ್ನೊಂದು ಕಡೆ ಲೆಕ್ಕಕ್ಕೇ ಸಿಗದ ಕಾಣಿಕೆ. ಇವೆರಡರಲ್ಲಿ ಭಕ್ತಿ ಎನ್ನಬೇಕಾದ್ದು ಯಾವುದು? ಎಣಿಸದೆ ಬಿಡುವುದೇ ಮೇಲು, ಎಣಿಸುವುದು ಲೌಕಿಕದ ಜಂಜಾಟ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅದನ್ನು ನಾನು ಒಪ್ಪುವುದಿಲ್ಲ. ಕೊಡುವವನು ಎಣಿಸಬಾರದು ನಿಜ. ಆದರೆ ಕಾಯುವವನು ಎಣಿಸಲೇಬೇಕು, ಏಕೆಂದರೆ ಅವನ ಕೈಯಲ್ಲಿರುವುದು ಅವನದಲ್ಲ.

ಇದು ಗುಡಿಗಳಿಗಷ್ಟೇ ಸೇರಿದ ಪ್ರಶ್ನೆಯಲ್ಲ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಂಥ ತಾಲ್ಲೂಕು ಕೇಂದ್ರಗಳ ಯಾವ ಸರ್ಕಾರಿ ಕಚೇರಿಯನ್ನೇ ತೆಗೆದುಕೊಳ್ಳಿ, ಅಲ್ಲಿನ ಬೀರು, ಮೇಜು, ಕಂಪ್ಯೂಟರ್ ಎಲ್ಲವೂ ಸಾರ್ವಜನಿಕರ ಸ್ವತ್ತು. ‘ಭೂಮಿ’ ಯೋಜನೆ ಬಂದು ಕೈಬರಹದ ಪಹಣಿ ನಿಂತ ಮೇಲೆ ಈ ವಸ್ತುಗಳಿಗೆ ಹೊಸ ತೂಕ ಬಂತು. ಕೌಂಟರಿನ ಪ್ರಿಂಟರ್ ಕೆಟ್ಟರೆ ಮಾವಿನ ತೋಪಿನ ಮೇಲೆ ಸಾಲ ಎತ್ತಲು ಪಹಣಿ ಕೇಳಿ ಬಂದವನು ಬರಿಗೈಲಿ ಹಿಂದಿರುಗಬೇಕಾಗಬಹುದು. ಮೇಜು ಕುರ್ಚಿಗಳು ದಾಸ್ತಾನು ವಹಿಯಲ್ಲಿ, ಕಂಪ್ಯೂಟರುಗಳು ತಂತ್ರಜ್ಞರ ಪಟ್ಟಿಯಲ್ಲಿ, ದೂರುಗಳು ಯಾರದೋ ಫೋನಿನಲ್ಲಿ ಇದ್ದರೆ ಕಂಪ್ಯೂಟರಿಗೆ ಜೀವ ಕೊಡುವ ಯುಪಿಎಸ್ ಬ್ಯಾಟರಿ ಯಾವ ಪಟ್ಟಿಗೂ ಸೇರದೆ ಉಳಿಯುತ್ತದೆ. ಸ್ಥಿರ ವಸ್ತುಗಳನ್ನು ವರ್ಷಕ್ಕೊಮ್ಮೆಯಾದರೂ ಕಣ್ಣಾರೆ ಕಂಡು ತಾಳೆ ನೋಡಬೇಕೆಂದು ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳು ವಿಧಿಸುತ್ತವೆ. ವಸ್ತು ಇದೆಯೇ ಎಂದು ಆ ಪರಿಶೀಲನೆ ಹೇಳುತ್ತದೆ. ಅದು ಕೆಟ್ಟು ಯಾರ ಕೆಲಸ ನಿಂತಿದೆ ಎಂಬುದನ್ನು ಹೇಳಲು ದೂರಿನ ದಾಖಲೆಯೂ ಅದರ ಪಕ್ಕದಲ್ಲೇ ಇರಬೇಕು. 2003ರಲ್ಲಿ ಫ್ರಾನ್ಸಿನಲ್ಲಿ ಶುರುವಾದ ಜಿಎಲ್‌ಪಿಐನಂಥ ಮುಕ್ತ ತಂತ್ರಾಂಶಗಳು ಮಾಡುವುದು ಇದನ್ನೇ. ವಸ್ತು, ಅದನ್ನು ವಹಿಸಿಕೊಂಡವರು, ಅದರ ಮೇಲೆ ಬಂದ ದೂರು, ಮೂರೂ ಅಲ್ಲಿ ಒಂದೇ ದಾಖಲೆಗೆ ಸೇರುತ್ತವೆ. ಕಂಪ್ಯೂಟರಿಗೆ ಒದಗಿದ ಈ ಮರ್ಯಾದೆ ಮುರಿದ ಬೆಂಚಿಗೂ ಸಲ್ಲಬೇಕು, ಅದರ ಮೇಲೆ ಕೂರುವುದು ದೂರದಿಂದ ಬಂದ ಮುದುಕಿ.

ಇದು ಆಡಳಿತದ ಮಾತು, ಇಲ್ಲಿ ಧರ್ಮವನ್ನೇಕೆ ಎಳೆದು ತರುವುದು ಎಂದು ಕೇಳಬಹುದು. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ.ಜಿ. ಈ ಎರಡನ್ನು ಬೇರ್ಪಡಿಸಲಿಲ್ಲ; ಕಗ್ಗ ಬರೆದವರೂ ಅವರೇ, 1945ರಲ್ಲಿ ಗೋಖಲೆ ಸಾರ್ವಜನಿಕ ಸಂಸ್ಥೆಯನ್ನು ಕಟ್ಟಿದವರೂ ಅವರೇ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ವೈರಾಗ್ಯದ ಕಡೆಯಿಂದ ಬರುತ್ತದೆ. ಎಣಿಸಿದಷ್ಟೂ ಮನಸ್ಸು ವಸ್ತುವಿಗೆ ಅಂಟುತ್ತದೆ, ಆದ್ದರಿಂದ ಬಿಟ್ಟವನಿಗೆ ಪಟ್ಟಿ ಬೇಡ ಎಂಬುದು ಆ ವಾದ. ಸ್ವಂತದ ವಸ್ತುವಿನ ಮಟ್ಟಿಗೆ ಇದು ಸರಿ. ಜಿಪುಣನ ಎಣಿಕೆ ‘ನನ್ನದು’ ಎಂಬುದನ್ನು ದಿನದಿನಕ್ಕೂ ಬಲಪಡಿಸುತ್ತದೆ. ಕಾವಲಿನವನ ಎಣಿಕೆಯ ದಿಕ್ಕು ಬೇರೆ. ಅವನು ಬರೆದಿಡುವ ಪ್ರತಿ ಸಾಲೂ ಇದು ನನ್ನದಲ್ಲ ಎಂಬ ಒಪ್ಪಿಗೆಯೇ. ನಮ್ಮ ಕಾನೂನು ದೇವರನ್ನು ಆಸ್ತಿ ಹೊಂದಬಲ್ಲ ವ್ಯಕ್ತಿಯೆಂದೇ ಮಾನ್ಯಮಾಡಿದೆ, ನೋಡಿಕೊಳ್ಳುವವರು ಮಾಲೀಕರಲ್ಲ. ಈಶಾವಾಸ್ಯದ ಮೊದಲ ಮಂತ್ರ ಜಗತ್ತೆಲ್ಲವನ್ನೂ ಈಶನಿಗೆ ಒಪ್ಪಿಸಿ ಪರರ ಸ್ವತ್ತಿಗೆ ಆಸೆಪಡಬೇಡ ಎನ್ನುತ್ತದೆ. ಗಾಂಧಿಯವರು ತಮ್ಮ ಧರ್ಮದರ್ಶಿತ್ವದ ವಿಚಾರಕ್ಕೆ ಅದರಲ್ಲೇ ಆಧಾರ ಕಂಡರು. ಆ ಮಂತ್ರವನ್ನು ನಂಬಿದವನು ಯಾವ ವಸ್ತುವಿನ ವಿಷಯದಲ್ಲೂ ‘ಎಲ್ಲಿ ಹೋಯಿತೋ ಗೊತ್ತಿಲ್ಲ’ ಎಂದು ಸುಮ್ಮನಿರಲಾರ. ತನ್ನದು ಕಳೆದಾಗ ಹಾಗೆ ಹೇಳಿದರೆ ನಿರ್ಲಿಪ್ತತೆ ಎನ್ನಬಹುದು. ಊರಿನದು ಕಳೆದಾಗ ಹೇಳಿದರೆ ಅದು ಅಪರಾಧ. ವೈರಾಗ್ಯದ ಹೆಸರಿನಲ್ಲಿ ಎಷ್ಟೋ ಅಲಕ್ಷ್ಯಕ್ಕೆ ನಾವು ಮಣೆ ಹಾಕಿದ್ದೇವೆ. ಈ ಮಾತನ್ನು ಮೆತ್ತಗೆ ಹೇಳಲು ನನಗೆ ಇಷ್ಟವಿಲ್ಲ.

ಇನ್ನು ಅನುಮಾನದ ಮಾತು. ಪ್ರತಿ ವಸ್ತುವಿಗೂ ನಂಬರು ಅಂಟಿಸಿ ವಹಿಸಿಕೊಂಡವರ ಹೆಸರು ಬರೆದರೆ ನೌಕರರನ್ನು ಕಳ್ಳರೆಂದು ಕಂಡಂತಾಗುವುದಿಲ್ಲವೇ? ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನ ಮೇಲೂ ಭಂಡಾರದ ಹಣವನ್ನು ಜಂಗಮರಿಗೆ ಸುರಿದನೆಂಬ ದೂರು ಬಂತೆಂದು, ಲೆಕ್ಕ ನೋಡಿದಾಗ ಕೊರತೆ ಕಾಣಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಅದನ್ನು ಪವಾಡವೆಂದೇ ಓದಿದರೂ ಕಥೆ ಹೇಳಿದವರಿಗೆ ಒಂದು ವಿಷಯ ಸ್ಪಷ್ಟವಿತ್ತು: ಭಕ್ತನಾದರೂ ಭಂಡಾರದ ಲೆಕ್ಕಕ್ಕೆ ಹೊರತಲ್ಲ, ಆ ಲೆಕ್ಕವೇ ಅವನನ್ನು ಆರೋಪದಿಂದ ಬಿಡಿಸಿತು. ಯಾವ ವಸ್ತು ಯಾರ ವಶದಲ್ಲಿದೆ ಎಂಬ ಚಾರ್ಜ್ ಪಟ್ಟಿ ಸರಿಯಿಲ್ಲದ ಕಡೆ ಅನುಮಾನ ಎಲ್ಲರ ಮೇಲೂ ಹರಡುತ್ತದೆ, ಕೊನೆಗೆ ಬೀಳುವುದು ಕೆಳಗಿನ ನೌಕರನ ಮೇಲೆ. ನಿವೃತ್ತಿಯ ದಿನ ಬೇಬಾಕಿ ಪತ್ರಕ್ಕಾಗಿ ಅಲೆಯುವ ಗುಮಾಸ್ತನಿಗೆ, ಹತ್ತು ವರ್ಷದ ಹಿಂದೆ ಇನ್ನೊಬ್ಬರಿಗೆ ಒಪ್ಪಿಸಿದ ಟೈಪ್‌ರೈಟರ್ ತನ್ನ ಹೆಸರಿನಲ್ಲೇ ಉಳಿದುಬಿಟ್ಟರೆ, ವಹಿಸಿಕೊಂಡವರ ಸಹಿಯ ಬೆಲೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೂ ಈ ಆಕ್ಷೇಪದಲ್ಲಿ ಒಂದು ಸತ್ಯವಿದೆ. ನರಸಾಪುರ, ವೇಮಗಲ್ಲಿನ ಕೈಗಾರಿಕಾ ಪ್ರದೇಶಗಳಾಗಲಿ ತಾಲ್ಲೂಕು ಕಚೇರಿಗಳಾಗಲಿ, ಕುರ್ಚಿಗೆ ಅಂಟಿಸಿದ ನಂಬರು ಅದರ ಮೇಲೆ ಕುಳಿತವನ ಮೇಲೂ ಹತ್ತಿಕೊಳ್ಳುವುದಕ್ಕೆ ಹೆಚ್ಚು ಹೊತ್ತು ಬೇಡ. ದೂರು ಎಷ್ಟು ನಿಮಿಷದಲ್ಲಿ ಮುಗಿಯಿತೆಂದು ಅಳೆಯುವ ತಂತ್ರಾಂಶ, ದುರಸ್ತಿಗೆ ಬಂದವನು ಎಷ್ಟು ನಿಮಿಷ ಚಹಾ ಕುಡಿದನೆಂದೂ ಅಳೆಯಬಲ್ಲದು. ಇಲ್ಲಿ ಗೆರೆ ಎಳೆಯಲು ಮೇಲಿನ ತರ್ಕವೇ ಸಾಕು. ಕಾವಲಿಗೆ ಕೊಟ್ಟದ್ದನ್ನು ಮಾತ್ರ ಎಣಿಸುವ ಹಕ್ಕು ಕಾವಲಿನವನಿಗಿದೆ. ಮನುಷ್ಯನನ್ನು ಯಾರೂ ಯಾರ ಕಾವಲಿಗೂ ಆಸ್ತಿಯಾಗಿ ಒಪ್ಪಿಸಿಲ್ಲ. ಹಾಗಾಗಿ ನೌಕರನ ಹೆಸರು ವಹಿಯಲ್ಲಿ ಇರಬೇಕಾದದ್ದು ವಸ್ತುವನ್ನು ವಹಿಸಿಕೊಂಡವನಾಗಿ ಮಾತ್ರ. ಅದೇ ವಹಿಯಲ್ಲಿ ದೂರು ಕೊಡುವ ಹಕ್ಕು ಅವನಿಗೂ ಇರಬೇಕು, ಕೌಂಟರಿನ ಈಚೆ ನಿಂತವನಿಗೂ ಇರಬೇಕು, ಮತ್ತು ಆ ದೂರಿಗೆ ಏನಾಯಿತೆಂದು ಇಬ್ಬರಿಗೂ ಕಾಣಬೇಕು.