ನನ್ನ ನೆಗಡಿ, ನೆರೆಯವರ ಮಗು



"ದೇವರ ಮನೆಗೆ ಬಂದವರಿಗೆ ರೋಗ ಅಂಟುತ್ತದೆಯೇ, ಸ್ವಾಮಿ?" ಎಂದು ಕೊರೋನಾ ಕಾಲದಲ್ಲಿ ಅನೇಕರು ಕೇಳುತ್ತಿದ್ದರು. ಕೇಳಿದವರು ಭಕ್ತರೇ. ಆದರೂ ಆ ಮಾತಿನಲ್ಲೊಂದು ತೊಡಕಿದೆ. ಸೈತಾನನು ಯೇಸುಸ್ವಾಮಿಯನ್ನು ದೇವಾಲಯದ ಶಿಖರಕ್ಕೆ ಕರೆದೊಯ್ದು, ದೇವದೂತರು ಕಾಯುತ್ತಾರೆ, ಧುಮುಕು ಎಂದಾಗ ಪ್ರಭು ಧುಮುಕಲಿಲ್ಲ. ದೇವರನ್ನು ನಂಬುವುದು ಬೇರೆ, ಪರೀಕ್ಷಿಸುವುದು ಬೇರೆ. ಅಲ್ಲಾದರೋ ಅಪಾಯ ಧುಮುಕುವವನಿಗೆ ಮಾತ್ರ. ಕೆಮ್ಮುತ್ತಾ ಬಲಿಪೂಜೆಗೆ ಬಂದರೆ ಅದನ್ನು ಹೊರುವವರು ಪಕ್ಕದ ಬೆಂಚಿನವರು.

ಆ ಬೆಂಚಿನಲ್ಲಿ ಯಾರಿರಬಹುದು? ಮೂತ್ರದಲ್ಲಿ ಪ್ರೋಟೀನು ಸೋರಿಹೋಗಿ ಕಣ್ಣಿನ ಸುತ್ತ, ಕಾಲುಗಳಲ್ಲಿ ಊತ ಬರುವ ನೆಫ್ರಾಟಿಕ್ ಸಿಂಡ್ರೋಮ್ ಎಂಬ ಮೂತ್ರಪಿಂಡದ ಕಾಯಿಲೆಯ ಮಗು ಇರಬಹುದು. ಅದಕ್ಕೆ ಕೊಡುವುದು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್. ಮೂತ್ರಪಿಂಡ ಕಸಿಯಾದ ಮಗುವಾದರೆ ಟ್ಯಾಕ್ರೊಲಿಮಸ್‌ನಂತಹ ಔಷಧಿಯನ್ನು ಪ್ರತಿದಿನ ನುಂಗಬೇಕು. ಇವು ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಸೋಂಕಿನ ಭಯದಿಂದ ಇವನ್ನು ಮನೆಯವರೇ ನಿಲ್ಲಿಸುವಂತೆಯೂ ಇಲ್ಲ. ಸ್ಟೀರಾಯ್ಡನ್ನು ದಿಢೀರನೆ ಬಿಟ್ಟರೆ ಜೀವಕ್ಕೇ ಅಪಾಯ, ಕಸಿಯ ಔಷಧಿ ಬಿಟ್ಟರೆ ಪಡೆದ ಮೂತ್ರಪಿಂಡವೇ ಹೋಗಬಹುದು.

ನಿಜವನ್ನು ಹೇಳಬೇಕು. 2020ರಿಂದ ವೈದ್ಯರು ಕಂಡಂತೆ ಇಂತಹ ಮಕ್ಕಳಲ್ಲಿ ಹೆಚ್ಚಿನವರು ಕೊರೋನಾದಿಂದ ಸುಲಭವಾಗಿಯೇ ಚೇತರಿಸಿಕೊಂಡರು. ಹೆತ್ತವರು ಹೆದರಿದಷ್ಟು ಆಗಲಿಲ್ಲ, ದೇವರಿಗೆ ವಂದನೆ. ಆದರೆ ಕೆಲವರಿಗೆ ಆಮ್ಲಜನಕ ಬೇಕಾಯಿತು, ಕೆಲವರು ಉಳಿಯಲಿಲ್ಲ. ಅಲ್ಲದೆ ನೆಫ್ರಾಟಿಕ್ ಮಗುವಿಗೆ ಬರೀ ನೆಗಡಿಯಿಂದಲೂ ಊತ ಮರುಕಳಿಸಬಹುದು. ಮತ್ತೆ ಸ್ಟೀರಾಯ್ಡ್, ಮತ್ತೆ ಆಸ್ಪತ್ರೆ, ಮತ್ತೆ ತಪ್ಪಿದ ಶಾಲೆ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೋನಾದ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಈ ಮನೆಗಳಲ್ಲಿ ಎಚ್ಚರಿಕೆ ಮುಗಿಯಲಿಲ್ಲ.

"ಅಪಾಯ ಅಲ್ಪ ತಾನೇ?" ಎನ್ನಬಹುದು. ಅಪಾಯ ಎಷ್ಟು ಎಂಬುದರ ಜೊತೆಗೆ, ಯಾರು ಅದನ್ನು ಯಾರ ಮೇಲೆ ಹೊರಿಸುತ್ತಾರೆ ಎಂದೂ ನೀತಿಶಾಸ್ತ್ರ ಕೇಳುತ್ತದೆ. ನನ್ನ ಅಪಾಯವನ್ನು ನಾನು ಒಪ್ಪಿಕೊಳ್ಳಬಹುದು. ಏಳು ವರ್ಷದ ಮಗುವಿನ ಪರವಾಗಿ ಒಪ್ಪಿಕೊಳ್ಳಲು ನಾನು ಯಾರು? ವಿಗ್ರಹಕ್ಕೆ ಒಪ್ಪಿಸಿದ ಮಾಂಸದ ಪ್ರಶ್ನೆ ಕೊರಿಂಥದಲ್ಲಿ ಎದ್ದಾಗ ಸಂತ ಪೌಲರು, ತಿನ್ನಲು ಹಕ್ಕಿದ್ದವರೂ ಬಲಹೀನ ಸಹೋದರನ ಸಲುವಾಗಿ ಅದನ್ನು ಬಿಡಬೇಕೆಂದು ತಿಳಿಹೇಳಿದರು. 2020ರ ಡಿಸೆಂಬರಿನಲ್ಲಿ ವ್ಯಾಟಿಕನ್ ಕೂಡ ಇದೇ ದಾರಿ ಹಿಡಿಯಿತು: ಲಸಿಕೆ ಸ್ವಇಚ್ಛೆಯದಾಗಿರಲಿ, ಆದರೆ ಮನಸ್ಸಾಕ್ಷಿಯ ಕಾರಣದಿಂದ ಬೇಡವೆನ್ನುವವರು ತಮ್ಮಿಂದ ದುರ್ಬಲರಿಗೆ ಸೋಂಕು ತಗಲದಂತೆ ಸಕಲ ಪ್ರಯತ್ನ ಮಾಡಲಿ ಎಂದಿತು.

ಭಾನುವಾರದ ಪೂಜೆ ತಪ್ಪಿದರೆ ಪಾಪವಲ್ಲವೇ? ಕಾಯಿಲೆಯಂತಹ ಗಂಭೀರ ಕಾರಣವಿದ್ದರೆ ಆ ಕಟ್ಟಳೆಗೆ ವಿನಾಯಿತಿ ಇದೆಯೆಂದು ಧರ್ಮಸಭೆಯೇ ಬೋಧಿಸುತ್ತದೆ. ಜ್ವರ ಬಂದಾಗ ಮನೆಯಲ್ಲಿ ಕುಳಿತು ಜಪಸರ ಮಾಡಿ.

ಆ ಮಗುವನ್ನೇ ಮನೆಯಲ್ಲಿಟ್ಟರೆ ಎಲ್ಲರಿಗೂ ಸುಲಭ ಎನ್ನುವ ಜಾಣರೂ ಇದ್ದಾರೆ. ದೂರವಿರಬೇಕಾದವರು ಕೆಮ್ಮುವ ನಾವು. ಇಂತಹ ಮಕ್ಕಳ ತಂದೆತಾಯಂದಿರೇ, ನಿಮ್ಮ ವಿಚಾರಣಾ ಗುರುಗಳಿಗೆ ಸಂಕೋಚವಿಲ್ಲದೆ ತಿಳಿಸಿ. ಕಿಟಕಿ ಪಕ್ಕದ ಬೆಂಚು, ಜನ ಕಡಿಮೆಯಿರುವ ವಾರದ ದಿನದ ಪೂಜೆ, ಸೋಂಕು ಹೆಚ್ಚಿದಾಗ ಮನೆಗೇ ಪರಮಪ್ರಸಾದ, ಎಲ್ಲವೂ ಸಾಧ್ಯ. ಧರ್ಮೋಪದೇಶ ಕಲಿಸುವವರು ಹಾಜರಿ ಪುಸ್ತಕದಿಂದ ಆ ಹೆಸರನ್ನು ಹೊಡೆದುಹಾಕುವ ಮುನ್ನ ಒಮ್ಮೆ ಮನೆಗೆ ಹೋಗಿ ಬರಲಿ, ತಮಗೆ ನೆಗಡಿ ಇಲ್ಲದ ದಿನ.