ಉತ್ತರ ಯಾವ ಪ್ರಶ್ನೆಯದು?

ತಡವಾಗಿ ಬಂದ ಮಾತು ತಪ್ಪು ಮಾತಾಗುತ್ತದೆಯೇ? ಇಪ್ಪತ್ತೆಂಟು ವರ್ಷ ಪಾಠ ಹೇಳಿದ ನನಗೆ ಈ ಪ್ರಶ್ನೆ ಹೊಸದೇನಲ್ಲ. ಪ್ರತಿ ತರಗತಿಯಲ್ಲೂ ಒಂದು ಮಗು ಇರುತ್ತದೆ. ಮೊದಲ ಲೆಕ್ಕದ ಉತ್ತರವನ್ನು ಮೂರನೆಯ ಲೆಕ್ಕದ ಹೊತ್ತಿಗೆ ಹೇಳುತ್ತದೆ. ಉತ್ತರ ಸರಿಯಾಗಿಯೇ ಇರುತ್ತದೆ. ಆದರೆ ಅಷ್ಟರಲ್ಲಿ ಹಲಗೆಯ ಮೇಲೆ ಬೇರೆ ಲೆಕ್ಕ ಇರುವುದರಿಂದ ಎಲ್ಲರೂ ನಗುತ್ತಾರೆ. ಇದರ ಬಗ್ಗೆ ಗಟ್ಟಿಯಾಗಿ ಯೋಚಿಸುವ ಹಾಗೆ ಮಾಡಿದ್ದು ಮಾತ್ರ ಶಿಕ್ಷಣಶಾಸ್ತ್ರದ ಪುಸ್ತಕವಲ್ಲ, ನನ್ನ ಅಕ್ಕನ ಮಗನ ರೆಕಾರ್ಡಿಂಗ್ ಕೋಣೆ.

ಅವನು ಶಿವಮೊಗ್ಗದಲ್ಲಿ ಮಹಡಿಯ ಮೇಲೊಂದು ಕೋಣೆ ಬಾಡಿಗೆಗೆ ಹಿಡಿದು ಭಾವಗೀತೆ, ಭಜನೆ, ಹರಿಕಥೆ ಎಲ್ಲ ರೆಕಾರ್ಡ್ ಮಾಡುತ್ತಾನೆ. ರೀಪರ್ ಎಂಬ ಸಾಫ್ಟ್‌ವೇರ್ ಕಂಪ್ಯೂಟರಿನಲ್ಲಿದೆ. ಬೇಕಾದ ನಾದವನ್ನೆಲ್ಲ ಅದರೊಳಗೇ ಹುಟ್ಟಿಸಬಹುದಂತೆ. ಆದರೂ ಎರಡು ಹಳೆಯ ಪೆಟ್ಟಿಗೆಗಳನ್ನು ಕೊಂಡು ತಂದಿದ್ದಾನೆ. ಒಂದು, ಹಾಡಿನ ಏರಿಳಿತವನ್ನು ಒತ್ತಿ ಹದಕ್ಕೆ ತರುವ ಕಂಪ್ರೆಸರ್. ಇನ್ನೊಂದರೊಳಗೆ ನಿಜವಾದ ಸ್ಪ್ರಿಂಗುಗಳಿವೆ. ದನಿ ಅವುಗಳಲ್ಲಿ ನಡುಗಿ ಹೊರಬಂದರೆ ಗುಡಿಯ ಪ್ರಾಂಗಣದಲ್ಲಿ ನಿಂತು ಹಾಡಿದಂತೆ ಅನುರಣಿಸುತ್ತದೆ. ಎಲ್ಲ ಒಳಗೇ ಇರುವಾಗ ಇದೇಕಪ್ಪ ಎಂದು ನಾನು ಕೇಳಲಿಲ್ಲ. ಮಿಕ್ಸಿ ಪಕ್ಕದಲ್ಲೇ ಒರಳು ಇಟ್ಟುಕೊಂಡವರು ಹಾಗೆ ಕೇಳುವ ಹಾಗಿಲ್ಲ.

ತೊಂದರೆ ಇರುವುದು ದಾರಿಯಲ್ಲಿ. ಕಂಪ್ಯೂಟರಿನಿಂದ ಹೊರಟ ದನಿ ತಂತಿಯಲ್ಲಿ ಪೆಟ್ಟಿಗೆಗೆ ಹೋಗಿ ಮರಳಿ ಒಳಗೆ ಬರಬೇಕು. ಕಂಪ್ಯೂಟರ್ ದನಿಯನ್ನು ಹನಿಹನಿಯಾಗಿ ಕಳಿಸುವುದಿಲ್ಲ, ಕೊಡ ತುಂಬಿಸಿ ಕಳಿಸುತ್ತದೆ. ಸೆಕೆಂಡಿಗೆ 48,000 ಮಾದರಿಗಳಂತೆ ದಾಖಲಿಸುವಾಗ ಒಂದು ಕೊಡಕ್ಕೆ 256 ಮಾದರಿಯಾದರೆ ಅದು ತುಂಬಲು 5 ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು; 1,024 ಆದರೆ 21ಕ್ಕಿಂತ ಹೆಚ್ಚು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿನಲ್ಲಿ ಹೆಚ್ಚುಕಡಿಮೆ ಒಂದಡಿ ಚಲಿಸುತ್ತದೆ ಎಂದಮೇಲೆ, ಇಪ್ಪತ್ತು ಮಿಲಿಸೆಕೆಂಡಿನ ತಡವೆಂದರೆ ಹಾಡುವವಳು ಇಪ್ಪತ್ತಡಿ ಆಚೆ ನಿಂತಂತಾಯಿತು. ಅನುರಣನದ ಪೆಟ್ಟಿಗೆಗೆ ಇದರಿಂದ ಅಷ್ಟೇನೂ ಬಾಧಕವಿಲ್ಲ, ಮಾರ್ದನಿ ಎಂದೂ ತಡವಾಗಿಯೇ ಬರುವುದು ತಾನೆ? ಆದರೆ ಕಂಪ್ರೆಸರಿನಿಂದ ತಡವಾಗಿ ಬಂದ ದನಿಯನ್ನು ಮೂಲ ದನಿಯ ಜತೆ ಬೆರೆಸಿದರೆ ಎರಡೂ ಒಂದನ್ನೊಂದು ತಿಂದು, ಬಿಂದಿಗೆಯೊಳಗೆ ಬಾಯಿಟ್ಟು ಹಾಡಿದ ಹಾಗೆ ಕೇಳುತ್ತದೆ. ನನಗೆ ಕೇಳಿಸಿಯೂ ತೋರಿಸಿದ.

ಇದಕ್ಕೆ ಅವನು ಮಾಡುವ ಉಪಾಯ ನನ್ನನ್ನು ಬಹಳ ಹಿಡಿಸಿತು. ಸಾಫ್ಟ್‌ವೇರ್ ಆ ದಾರಿಯಲ್ಲಿ ಒಂದು 'ಟಕ್' ಕಳಿಸಿ, ಅದು ಮರಳಿ ಬರುವವರೆಗೆ ಎಣಿಸುತ್ತದೆ. ಆಮೇಲೆ ಉಳಿದ ದನಿಗಳನ್ನೆಲ್ಲ ಅಷ್ಟು ಹೊತ್ತು ತಡೆದು ನಿಲ್ಲಿಸುತ್ತದೆ. ನಿಧಾನದವನನ್ನು ಓಡಿಸುವುದಿಲ್ಲ, ಓಡುವವರನ್ನು ಕಾಯಿಸುತ್ತದೆ. ಕೊಡದ ಅಳತೆ ಬದಲಾದರೆ ಮತ್ತೆ 'ಟಕ್' ಕಳಿಸಿ ಎಣಿಸಬೇಕು. "ಎಣಿಸುವಾಗ ಸ್ಪ್ರಿಂಗನ್ನು ಬಿಟ್ಟು ಬರೀ ದಾರಿಯನ್ನು ಅಳೀಬೇಕು ಚಿಕ್ಕಮ್ಮ. ಇಲ್ಲದಿದ್ದರೆ ಸ್ಪ್ರಿಂಗಿನ ಸ್ವಂತ ನಿಧಾನವೂ ದಾರಿಯ ತಡದ ಲೆಕ್ಕಕ್ಕೆ ಸೇರಿ ಹೋಗುತ್ತೆ" ಎಂದ.

ಆದರೆ ಇದೆಲ್ಲ ಮೊದಲೇ ಹಾಡಿಟ್ಟ ಹಾಡಿಗೆ. ಈಗ ಹಾಡುತ್ತಿರುವವಳನ್ನು ಕಾಯಿಸುವುದು ಸಾಧ್ಯವಿಲ್ಲ. ತನ್ನದೇ ದನಿ ತಡವಾಗಿ ಕಿವಿಗೆ ಬಿದ್ದರೆ ಮನುಷ್ಯ ತಡವರಿಸುತ್ತಾನೆ. ಅಮೆರಿಕದ ಬರ್ನಾರ್ಡ್ ಲೀ 1950ರಲ್ಲೇ ಇದನ್ನು ಬರೆದಿದ್ದರು. ಹಾಗಾಗಿ ಹಾಡುವವಳ ದನಿಯನ್ನು ಕಂಪ್ಯೂಟರಿಗೆ ಸುತ್ತಿಸದೆ ನೇರವಾಗಿ ಅವಳ ಕಿವಿಗೆ ಕೊಡುತ್ತಾರೆ.

ಇನ್ನು ನಮ್ಮ ಮನೆಯ ವಿಷಯ. ನಮ್ಮ ಅತ್ತೆಯವರಿಗೆ ಎಂಬತ್ತೆರಡು. ಪಾರ್ಶ್ವವಾಯು ಹೊಡೆದ ಮೇಲೆ ಮಾತು ಹೋಗಲಿಲ್ಲ, ತಡವಾಯಿತು. ಕೇಳಿದ್ದಕ್ಕೆ ಉತ್ತರ ಬರಲು ನನ್ನ ಎಣಿಕೆಯಲ್ಲಿ ಹತ್ತು-ಹದಿನೈದು ಸೆಕೆಂಡು ಬೇಕು. ಅಷ್ಟು ಹೊತ್ತು ಸುಮ್ಮನಿರುವುದು ಎಷ್ಟು ಕಷ್ಟವೆಂದು ಒಮ್ಮೆ ಮಾಡಿ ನೋಡಿ. ಮನೆಯಲ್ಲಿ ಅಷ್ಟರಲ್ಲಿ ಮೂರು ಮಾತು ಮುಗಿದಿರುತ್ತದೆ.

ಶಿವರಾತ್ರಿಯ ಹೊತ್ತಿಗೆ ಮೈದುನ ಬಂದಿದ್ದ. ತೀರ್ಥಹಳ್ಳಿಯ ಹತ್ತಿರ ಊರ ಮನೆ ಇದೆ, ಅತ್ತೆಯವರ ಹೆಸರಿನಲ್ಲಿ. "ಅಮ್ಮ, ಊರ ಮನೆ ಕೊಟ್ಟುಬಿಡೋಣವಾ?" ಎಂದು ಕೇಳಿದ. ಸುಮ್ಮನಿದ್ದರು. "ಬಿಸಿಲು ಬರ್ತಿದೆ, ಕಿಟಕಿ ಹಾಕಲಾ?" ಎಂದ. ಆಮೇಲೆ, "ಕಾಫಿ ಕುಡೀತೀಯಾ?" ಅತ್ತೆ "ಬೇಡ" ಅಂದರು. ಅವನು ಲೋಟವನ್ನು ಆಚೆ ಇಟ್ಟ. ಅವರ ಕೈ ಲೋಟದ ಕಡೆಗೇ ಚಾಚಿತ್ತು.

ಆ 'ಬೇಡ' ಕಾಫಿಗಲ್ಲ ಎಂದು ನಾನು ಹೇಳಿದೆ. "ಹಾಗಾದರೆ ಕಿಟಕಿಗಿರಬಹುದಲ್ಲ ಅತ್ತಿಗೆ?" ಎಂದ. ಅದೂ ನ್ಯಾಯವೇ. ಕಂಪ್ಯೂಟರಿನ ತಡ ಇವತ್ತು ಎಷ್ಟೋ ನಾಳೆಯೂ ಅಷ್ಟೇ. ಅತ್ತೆಯವರದು ಬೆಳಿಗ್ಗೆ ಒಂದು, ಸಂಜೆ ಒಂದು. ಅಲ್ಲದೆ ಆ ತಡವೆಲ್ಲ ಕಾಯಿಲೆಯದೂ ಅಲ್ಲ. ಮೊದಲಿನಿಂದಲೂ ಅವರು ಹಾಗೆಯೇ. ಎಲೆಅಡಿಕೆ ಹಾಕಿಕೊಂಡು, ಅಗಿದು, ಆಮೇಲೆ ಮಾತಾಡಿದವರು. ಅದು ಸ್ಪ್ರಿಂಗಿನ ಸ್ವಂತ ನಿಧಾನ. ಅದನ್ನೂ ಕಾಯಿಲೆಯ ಲೆಕ್ಕಕ್ಕೆ ಸೇರಿಸುವ ಅಧಿಕಾರ ನಮಗಾರಿಗೂ ಇಲ್ಲ.

ನನ್ನನ್ನು ಕಾಡುವುದು ಇಷ್ಟೇ. ತಡವಾಗಿ ಬಂದ ಉತ್ತರವನ್ನು ಯಾವುದೋ ಒಂದು ಪ್ರಶ್ನೆಗೆ ಜೋಡಿಸಲೇಬೇಕು, ಜೋಡಿಸುವವರು ನಾವು. ಮೈದುನ ಕಾಫಿಗೆ ಜೋಡಿಸಿದ, ಅವನಿಗೆ ಮನೆ ಮಾರಬೇಕು. ನಾನು ಮನೆಗೆ ಜೋಡಿಸಿದೆ. ನನಗೂ ಆ ಮನೆ ಬೇಕು, ನಿವೃತ್ತಿಯ ಮೇಲೆ ಅಲ್ಲಿ ಇರುವ ಆಸೆ ಇದೆ. ಸಾಫ್ಟ್‌ವೇರಿಗೆ ಯಾವ ಆಸೆಯೂ ಇಲ್ಲದ್ದರಿಂದ ಅದು ಹಾಡನ್ನು ಸರಿಯಾದ ಕಡೆ ಕೂಡಿಸುತ್ತದೆ. ಪ್ರೀತಿಯಿಂದ "ಅಮ್ಮನಿಗೆ ಏನು ಬೇಕೋ ನನಗೆ ಗೊತ್ತು" ಎನ್ನುವವರನ್ನು ಕಂಡರೆ ನನಗೀಗ ಸ್ವಲ್ಪ ಭಯ. ಮನೆಯಲ್ಲಿ ಹೆಂಗಸರ ಪರವಾಗಿ ಇತರರು ಕೊಟ್ಟ ಉತ್ತರಗಳೆಲ್ಲ ಆ ಮಾತಿನಿಂದಲೇ ಶುರುವಾದವು.

ಮರುದಿನ ರೇಡಿಯೋ ಆರಿಸಿ, ಎಲ್ಲರನ್ನೂ ಕೂರಿಸಿ, ಒಂದೇ ಪ್ರಶ್ನೆ ಕೇಳಿದೆವು. ಯಾರೂ ಮಾತಾಡಲಿಲ್ಲ. ಇಪ್ಪತ್ತರವರೆಗೆ ಎಣಿಸಿದ್ದೆ. "ಹಲಸಿನ ಮರ" ಎಂದರು. ಇನ್ನೇನೂ ಹೇಳಲಿಲ್ಲ. ಹಿತ್ತಲ ಮರ ಬಿಟ್ಟು ಹೇಗೆ ಮಾರುವುದು ಎಂದು ನನಗೆ ಕೇಳಿಸಿತು. ಮರದ ಬೆಲೆಯನ್ನೂ ಸೇರಿಸಿ ಎಂದು ಮೈದುನನಿಗೆ ಕೇಳಿಸಿತು. ನಮ್ಮವರು ಏನೂ ಹೇಳದೆ ಎದ್ದು ಹೋದರು.

ಕಾಗದಪತ್ರ ಇನ್ನೂ ಬೀರುವಿನಲ್ಲಿದೆ. ಮೈದುನ ದೀಪಾವಳಿಗೆ ಬರುತ್ತಾನಂತೆ. ಒಂದು ದಿನದ ರಜೆ ಸಾಲದು, ನಾಲ್ಕು ದಿನ ಇರುವ ಹಾಗೆ ಬಾ ಎಂದು ಫೋನು ಮಾಡಿ ಹೇಳಿದ್ದೇನೆ.